ಕೇಳಿದ ಮೇಲೆ ಉತ್ತರವನ್ನೂ ಹೇಳಬೇಕು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ರೋಗಿಗಳ ಬಳಿ ಆಸ್ಪತ್ರೆಯ ಬಗ್ಗೆ ಹೇಳಲು ಬೇಕಾದಷ್ಟು ಮಾತಿದೆ. ಆ ಮಾತು ಆಸ್ಪತ್ರೆಯ ಕಿವಿಗೆ ಬೀಳುವುದು ಹೇಗೆ, ಬಿದ್ದ ಮೇಲೆ ಏನಾಗಬೇಕು?

ಆಸ್ಪತ್ರೆಯಿಂದ ಮನೆಗೆ ಬಂದ ಕೆಲವು ದಿನಗಳಲ್ಲಿ ಮೊಬೈಲಿಗೆ ಒಂದು ಕರೆ ಬರುತ್ತದೆ. ಮೊದಲೇ ಧ್ವನಿಮುದ್ರಿಸಿದ ದನಿ. ನೀವು ಇಂಥ ಆಸ್ಪತ್ರೆಗೆ ಹೋಗಿದ್ದಿರಿ, ಅಲ್ಲಿನ ಸೇವೆ ನಿಮಗೆ ತೃಪ್ತಿ ತಂದಿತೇ ಎಂದು ಅದು ಕೇಳುತ್ತದೆ. ತೃಪ್ತಿ ಇದ್ದರೆ ಒಂದು ಅಂಕಿ, ಇಲ್ಲದಿದ್ದರೆ ಇನ್ನೊಂದು ಅಂಕಿ ಒತ್ತಬೇಕು. ಇಲ್ಲ ಎಂದರೆ ಮುಂದಿನ ಪ್ರಶ್ನೆ: ಕಾರಣ ಸಿಬ್ಬಂದಿಯ ವರ್ತನೆಯೇ, ಸ್ವಚ್ಛತೆಯೇ, ಖರ್ಚೇ, ಚಿಕಿತ್ಸೆಯ ಗುಣಮಟ್ಟವೇ? ಕೇಂದ್ರ ಆರೋಗ್ಯ ಸಚಿವಾಲಯ 2016ರ ಆಗಸ್ಟಿನಲ್ಲಿ ಆರಂಭಿಸಿದ ‘ಮೇರಾ ಅಸ್ಪತಾಲ್’ ಎಂಬ ವ್ಯವಸ್ಥೆಯ ಕರೆ ಅದು. ಇದಕ್ಕೆ ಜೋಡಿಸಿಕೊಂಡ ಆಸ್ಪತ್ರೆಗಳಲ್ಲಿ ನೋಂದಣಿ ವೇಳೆ ಕೊಟ್ಟ ಮೊಬೈಲ್ ಸಂಖ್ಯೆಗೆ ಕರೆಯೋ ಎಸ್‌ಎಂಎಸ್ಸೋ ಬರುತ್ತದೆ. ಆ್ಯಪ್ ಮತ್ತು ಜಾಲತಾಣದ ಮೂಲಕವೂ ಅಭಿಪ್ರಾಯ ಹೇಳಬಹುದು.

ರೋಗಿಯ ಮಾತನ್ನು ಕೇಳಬೇಕು ಎಂದು ಸರಕಾರಕ್ಕೆ ಅನ್ನಿಸಿದ್ದು ದೊಡ್ಡ ಹೆಜ್ಜೆ. ಆದರೆ ಅಂಕಿ ಒತ್ತಿದವರಿಗೆ ತಮ್ಮ ಉತ್ತರ ಎಲ್ಲಿಗೆ ಹೋಯಿತು, ಅದರಿಂದ ಏನು ಬದಲಾಯಿತು ಎಂದು ತಿಳಿಯುವುದಿಲ್ಲ. ಆಸ್ಪತ್ರೆಯ ಗೋಡೆಗೆ ತೂಗುಹಾಕಿದ ಸಲಹಾ ಪೆಟ್ಟಿಗೆಯ ಕಥೆಯೂ ಇದೇ. ಚೀಟಿ ಹಾಕಿದವನಿಗೆ ಪೆಟ್ಟಿಗೆಯ ಬೀಗ ಯಾವಾಗ ತೆಗೆಯುತ್ತಾರೆ, ಯಾರು ಓದುತ್ತಾರೆ ಎಂಬುದು ಗೊತ್ತಿಲ್ಲ. ಒಮ್ಮೆ ಕೇಳಿ ಉತ್ತರ ಕೊಡದೆ ಬಿಟ್ಟರೆ ಮರುಸಲ ಜನ ಬಾಯಿ ಬಿಡುವುದಿಲ್ಲ. ಹಾಗಾಗಿ ರೋಗಿಗಳ ಅಭಿಪ್ರಾಯ ಸಂಗ್ರಹ ಎಂಬುದು ಹಾಳೆ ತುಂಬಿಸುವ ಕೆಲಸವಲ್ಲ. ಸರಿಯಾದ ಪ್ರಶ್ನೆಯನ್ನು, ಸರಿಯಾದ ಜಾಗದಲ್ಲಿ, ಅವರ ಮಾತಿನಲ್ಲೇ ಕೇಳಬೇಕು. ಕೇಳಿದ ಮೇಲೆ ಏನು ಮಾಡಿದೆವು ಎಂದು ಅವರಿಗೇ ಬಂದು ಹೇಳಬೇಕು. ನಮ್ಮ ಮೂರು ಊರುಗಳನ್ನು ಮುಂದಿಟ್ಟುಕೊಂಡು ಇದನ್ನು ವಿಚಾರ ಮಾಡೋಣ.

ರೋಗಿ ಒಬ್ಬ, ಮೆಟ್ಟಿಲು ಹಲವು

2011ರ ಜನಗಣತಿಯ ಪ್ರಕಾರ ಬಂಟ್ವಾಳ ತಾಲೂಕಿನಲ್ಲಿ ಸುಮಾರು 4 ಲಕ್ಷ ಜನ, ಬೆಳ್ತಂಗಡಿಯಲ್ಲಿ ಎರಡೂವರೆ ಲಕ್ಷಕ್ಕೂ ಮಿಕ್ಕಿ. ಮೂಡುಬಿದಿರೆ ಆಗ ಮಂಗಳೂರು ತಾಲೂಕಿಗೆ ಸೇರಿತ್ತು, ಬಳಿಕ ತಾನೇ ತಾಲೂಕಾಯಿತು. ಬಂಟ್ವಾಳ ಮತ್ತು ಬೆಳ್ತಂಗಡಿಯಲ್ಲಿ ತಾಲೂಕು ಆಸ್ಪತ್ರೆಗಳಿವೆ. ವಿಟ್ಲ, ವಾಮದಪದವು, ಮೂಡುಬಿದಿರೆಯಲ್ಲಿ ಸಮುದಾಯ ಆರೋಗ್ಯ ಕೇಂದ್ರಗಳಿವೆ. ಅದರ ಕೆಳಗೆ ಪ್ರಾಥಮಿಕ ಆರೋಗ್ಯ ಕೇಂದ್ರ, ಅದಕ್ಕೂ ಕೆಳಗೆ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಹೆಸರು ಬದಲಾದ ಉಪಕೇಂದ್ರ. ಖಾಸಗಿಯಲ್ಲಿ ಉಜಿರೆಯ ಎಸ್‌ಡಿಎಂ ಆಸ್ಪತ್ರೆ, ಮೂಡುಬಿದಿರೆಯ ಆಳ್ವಾಸ್ ಹೆಲ್ತ್ ಸೆಂಟರ್, ತುಂಬೆಯ ಫಾದರ್ ಮುಲ್ಲರ್ ಆಸ್ಪತ್ರೆ, ಜತೆಗೆ ಪೇಟೆ ಪೇಟೆಗೆ ಕ್ಲಿನಿಕ್‌ಗಳು. ಕಾಯಿಲೆ ಜೋರಾದರೆ ಮಂಗಳೂರು: 1848ರಲ್ಲಿ ಆರಂಭವಾದ ವೆನ್ಲಾಕ್, ಹೆರಿಗೆಗೆ ಲೇಡಿಗೋಷನ್, ಇಲ್ಲವೇ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆ.

ಚಾರ್ಮಾಡಿ ಘಾಟಿಯ ಬುಡದಲ್ಲೋ ನಾರಾವಿಯ ಕಡೆಯಲ್ಲೋ ಇರುವ ಒಂದು ಮನೆಯಲ್ಲಿ ಅಜ್ಜನಿಗೆ ಎದೆನೋವು ಬಂತು ಎನ್ನಿ. ಮೊದಲು ಹತ್ತಿರದ ಆರೋಗ್ಯ ಕೇಂದ್ರ, ಅಲ್ಲಿಂದ ತಾಲೂಕು ಆಸ್ಪತ್ರೆ, ಅಲ್ಲಿಂದ 108 ಆಂಬುಲೆನ್ಸ್, ಕೊನೆಗೆ ಮಂಗಳೂರು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆದರೆ ತುರ್ತು ಸ್ಥಿತಿ ಬಿಟ್ಟರೆ ಹಲವು ಚಿಕಿತ್ಸೆಗಳಿಗೆ ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಆ ಪತ್ರಕ್ಕಾಗಿ ಮಗ ರೇಷನ್ ಕಾರ್ಡ್ ಹಿಡಿದು ಮತ್ತೆ ಬಸ್ಸು ಹತ್ತುತ್ತಾನೆ. ವಾಪಸು ಬಂದ ಮೇಲೆ ತಿಂಗಳು ತಿಂಗಳು ಮಾತ್ರೆ, ರಕ್ತಪರೀಕ್ಷೆ, ಮತ್ತೆ ತಪಾಸಣೆ.

ಇವರಿಗೆ ಇದೆಲ್ಲ ಸೇರಿ ಒಂದೇ ಅನುಭವ. ಅಭಿಪ್ರಾಯ ಕೇಳುವ ಆಸ್ಪತ್ರೆಗಳಿಗೆ ಮಾತ್ರ ಅದು ನಾಲ್ಕು ಬೇರೆ ಬೇರೆ ಭೇಟಿ. ಪ್ರತಿ ಆಸ್ಪತ್ರೆಯೂ ತನ್ನ ಗೇಟಿನ ಒಳಗಿನದ್ದನ್ನು ಮಾತ್ರ ಕೇಳುತ್ತದೆ. ರೆಫರಲ್ ಪತ್ರಕ್ಕೆ ಎಷ್ಟು ಸಲ ಅಲೆದಿರಿ, ಅಲ್ಲಿ ತೆಗೆದ ಎಕ್ಸ್‌ರೇ ಇಲ್ಲಿ ಒಪ್ಪಿದರೇ, ಮಂಗಳೂರಿನಲ್ಲಿ ಬರೆದ ಮಾತ್ರೆ ಊರಿನ ಕೇಂದ್ರದಲ್ಲಿ ಸಿಕ್ಕಿತೇ ಎಂದು ಯಾರ ನಮೂನೆಯಲ್ಲೂ ಇರುವುದಿಲ್ಲ. ಗ್ರಾಮಾಂತರದ ರೋಗಿ ಸೋತುಹೋಗುವುದು ಬಹುಮಟ್ಟಿಗೆ ಈ ನಡುವಿನ ದಾರಿಯಲ್ಲಿ. ಮೊದಲು ಬೇಕಾದ ತಿದ್ದುಪಡಿ ಇದು: ಕಟ್ಟಡದ ಬಗ್ಗೆ ಮಾತ್ರವಲ್ಲ, ಮನೆಯಿಂದ ಹೊರಟು ಮನೆಗೆ ಮರಳುವವರೆಗಿನ ದಾರಿಯ ಬಗ್ಗೆಯೂ ಕೇಳಬೇಕು.

ಕೌಂಟರಿನ ಎದುರು ಬರುವ ಉತ್ತರ

ಡಿಸ್ಚಾರ್ಜ್ ಆಗುವ ಹೊತ್ತನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬಾಣಂತಿ ಮಂಚದ ಅಂಚಿನಲ್ಲಿ ಕೂತಿದ್ದಾಳೆ. ತಾಯಿ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದಾರೆ. ಹೊರಗೆ ರಿಕ್ಷಾ ಬಂದು ನಿಂತಿದೆ. ಸಿಸ್ಟರ್ ಒಂದು ಹಾಳೆ, ಪೆನ್ನು ತಂದು ಕೇಳುತ್ತಾರೆ: “ಎಂಚ ಇತ್ತ್ಂಡ್ ಅಕ್ಕ, ಮಾತ ಎಡ್ಡೆಯಾ?” ತಾಯಿ ತಲೆಯಾಡಿಸುತ್ತಾರೆ: “ಮಾತ ಎಡ್ಡೆ ಸಿಸ್ಟರ್.” ಎಲ್ಲ ಚೆನ್ನಾಗಿತ್ತು ಎಂದು. ಸಿಸ್ಟರ್ ತಾವೇ ಎಲ್ಲ ಸಾಲಿಗೂ ‘ಉತ್ತಮ’ ಎಂದು ಗುರುತು ಹಾಕಿ ಸಹಿ ಹಾಕಿಸಿಕೊಳ್ಳುತ್ತಾರೆ. ರಿಕ್ಷಾ ಗೇಟು ದಾಟಿದ ಮೇಲೆ ಮಾತು ಶುರುವಾಗುತ್ತದೆ: ರಾತ್ರಿ ಶೌಚಾಲಯದ ಬಲ್ಬು ಉರಿಯುತ್ತಿರಲಿಲ್ಲ, ಮಗುವಿಗೆ ಎದೆಹಾಲು ಸಾಕಾಗುತ್ತಿದೆಯೇ ಎಂದು ಕೇಳಬೇಕಿತ್ತು, ಕೇಳಲು ಧೈರ್ಯ ಬರಲಿಲ್ಲ, ಹೊಲಿಗೆ ಯಾವಾಗ ತೆಗೆಸಬೇಕು ಎಂದು ಸರಿಯಾಗಿ ತಿಳಿಯಲಿಲ್ಲ.

ಇಲ್ಲಿ ಸಿಸ್ಟರ್ ಸುಳ್ಳು ಬರೆಯಲಿಲ್ಲ, ತಾಯಿಯೂ ಸುಳ್ಳು ಹೇಳಲಿಲ್ಲ. ಮಗಳೂ ಮೊಮ್ಮಗುವೂ ಕ್ಷೇಮವಾಗಿ ಮನೆಗೆ ಹೊರಟಿದ್ದಾರೆ. ಆ ಕ್ಷಣದಲ್ಲಿ ಮನಸ್ಸಿನಲ್ಲಿ ಇರುವುದು ಕೃತಜ್ಞತೆ. ನಾಳೆ ಚುಚ್ಚುಮದ್ದಿಗೆ ಇದೇ ಆಸ್ಪತ್ರೆಗೆ, ಇದೇ ಸಿಸ್ಟರ್ ಬಳಿಗೆ ಬರಬೇಕು ಎಂಬ ಅಳುಕೂ ಇದೆ. ದುಡ್ಡಿಲ್ಲದೆ ಚಿಕಿತ್ಸೆ ಪಡೆದವರಿಗೆ ಕುಂದು ಹೇಳಲು ತಮಗೇನು ಹಕ್ಕು ಎಂಬ ಸಂಕೋಚ. ಮನೆಗೆ ಬಂದವರಿಗೂ ಹೋದ ಮನೆಯವರಿಗೂ ಬೇಸರವಾಗದಂತೆ ನಡೆದುಕೊಳ್ಳುವುದು ಈ ಸೀಮೆಯ ರೂಢಿ. ಆಸ್ಪತ್ರೆಯಲ್ಲೂ ಜನ ಅದನ್ನೇ ಪಾಲಿಸುತ್ತಾರೆ. ಸೇವೆ ಕೊಟ್ಟವರೇ ಎದುರು ನಿಂತು ಕೇಳಿದರೆ ಎಲ್ಲ ದೇಶಗಳಲ್ಲೂ ಉತ್ತರ ಸಿಹಿಯಾಗಿಯೇ ಬರುತ್ತದೆ ಎಂಬುದು ಸಮೀಕ್ಷೆ ಮಾಡುವವರಿಗೆ ಹಳೆಯ ಅನುಭವ.

ಆದ್ದರಿಂದ ಕೇಳುವ ಹೊತ್ತು ಮತ್ತು ಜಾಗ ಮುಖ್ಯ. ಅಮೆರಿಕದ ಆಸ್ಪತ್ರೆಗಳಲ್ಲಿ ನಡೆಯುವ ‘ಎಚ್‌ಕ್ಯಾಪ್ಸ್’ ಎಂಬ ರಾಷ್ಟ್ರೀಯ ಸಮೀಕ್ಷೆಯಲ್ಲಿ ರೋಗಿಯನ್ನು ಸಂಪರ್ಕಿಸುವುದು ಬಿಡುಗಡೆಯಾಗಿ 48 ಗಂಟೆ ಕಳೆದ ಮೇಲೆ, 6 ವಾರಗಳ ಒಳಗೆ. ಮನೆಗೆ ಹೋಗಿ ಸುಧಾರಿಸಿಕೊಂಡಿರಬೇಕು, ಆದರೆ ಮರೆತಿರಬಾರದು ಎಂಬ ಲೆಕ್ಕ. ಅದರ ಫಲಿತಾಂಶಗಳನ್ನು 2008ರಿಂದ ಆಸ್ಪತ್ರೆವಾರು ಬಹಿರಂಗವಾಗಿ ಪ್ರಕಟಿಸುತ್ತಾರೆ. ನಮ್ಮಲ್ಲೂ ಕೌಂಟರಿನಲ್ಲಿ ಕೇಳುವುದಕ್ಕಿಂತ ಒಂದು ವಾರ ಬಿಟ್ಟು ಮನೆಯ ಚಾವಡಿಯಲ್ಲಿ ಕೇಳಿದರೆ ಬೇರೆಯೇ ಮಾತು ಹೊರಬರುತ್ತದೆ.

ತೃಪ್ತಿಯನ್ನಲ್ಲ, ನಡೆದದ್ದನ್ನು ಕೇಳಿ

ಆರೋಗ್ಯ ಸೇವೆಯ ಗುಣಮಟ್ಟ ಅಳೆಯುವುದು ಹೇಗೆ ಎಂಬುದಕ್ಕೆ ಅಡಿಪಾಯ ಹಾಕಿದವರು ಅವೆಡಿಸ್ ಡೊನಬೆಡಿಯನ್. 1966ರ ತಮ್ಮ ಪ್ರಬಂಧದಲ್ಲಿ ಅವರು ಮೂರು ವಿಷಯಗಳನ್ನು ಬೇರೆ ಬೇರೆಯಾಗಿ ನೋಡಬೇಕು ಎಂದರು: ಏನೇನು ಸೌಕರ್ಯ ಇದೆ, ಚಿಕಿತ್ಸೆ ಹೇಗೆ ನಡೆಯಿತು, ಕೊನೆಗೆ ಫಲ ಏನಾಯಿತು. ಕಟ್ಟಡ, ಹಾಸಿಗೆ, ಯಂತ್ರಗಳನ್ನು ಇಲಾಖೆಯ ಅಧಿಕಾರಿ ಎಣಿಸಬಹುದು. ಫಲವನ್ನು ವೈದ್ಯರು ದಾಖಲೆ ನೋಡಿ ಹೇಳಬಹುದು. ಮಧ್ಯದ್ದು, ಅಂದರೆ ಚಿಕಿತ್ಸೆ ಹೇಗೆ ನಡೆಯಿತು ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ಕಂಡವರು ರೋಗಿ ಮತ್ತು ಅವರ ಜತೆಗಿದ್ದವರು ಮಾತ್ರ. ವೈದ್ಯರು ರೌಂಡ್ಸ್ ಮುಗಿಸಿ ಹೋಗುತ್ತಾರೆ, ಸಿಸ್ಟರ್ ಪಾಳಿ ಬದಲಾಗುತ್ತದೆ. ಹಾಸಿಗೆಯಲ್ಲಿ ಮಲಗಿದವರು ಇಪ್ಪತ್ತನಾಲ್ಕು ಗಂಟೆಯೂ ಅಲ್ಲೇ ಇರುತ್ತಾರೆ.

1980ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಹಾರ್ವಿ ಪಿಕರ್ ಅವರ ಪ್ರೇರಣೆಯಿಂದ ನಡೆದ ಅಧ್ಯಯನಗಳು ಪ್ರಶ್ನೆಯ ರೀತಿಯನ್ನೇ ಬದಲಾಯಿಸಿದವು. ‘ನಿಮಗೆ ತೃಪ್ತಿ ಆಯಿತೇ’ ಎಂದು ಕೇಳಿದರೆ ಉತ್ತರ ರೋಗಿಯ ನಿರೀಕ್ಷೆಯ ಮೇಲೆ ನಿಲ್ಲುತ್ತದೆ. ಏನನ್ನೂ ನಿರೀಕ್ಷಿಸದವರು ಸಿಕ್ಕಿದ್ದರಲ್ಲಿ ತೃಪ್ತರು. ಬಡವರ ತೃಪ್ತಿಯ ಅಂಕ ಜಾಸ್ತಿ ಇದ್ದ ಮಾತ್ರಕ್ಕೆ ಅವರಿಗೆ ಸಿಕ್ಕ ಸೇವೆ ಚೆನ್ನಾಗಿತ್ತು ಎನ್ನಲಾಗದು. ಅದರ ಬದಲು ನಡೆದದ್ದನ್ನು ಕೇಳಬೇಕು. ಹೊಸ ಮಾತ್ರೆ ಕೊಡುವ ಮೊದಲು ಅದು ಯಾತಕ್ಕೆಂದು ಹೇಳಿದರೇ? ಶೌಚಕ್ಕೆ ಹೋಗಲು ಸಹಾಯ ಕೇಳಿದಾಗ ಕೂಡಲೇ ಬಂದರೇ? ರಾತ್ರಿ ವಾರ್ಡಿನಲ್ಲಿ ಗಲಾಟೆ ಇಲ್ಲದೆ ಮಲಗಲಾಯಿತೇ? ಎಚ್‌ಕ್ಯಾಪ್ಸ್ ಸಮೀಕ್ಷೆಯ ಪ್ರಶ್ನೆಗಳು ಇಂಥವೇ.

ಇದರ ಬೆಲೆ ತಿಳಿಯಲು ಒಂದು ಮಾತ್ರೆ ಕವರು ಸಾಕು. ನಮ್ಮ ಔಷಧ ವಿತರಣೆಯ ಕಿಟಕಿಯಲ್ಲಿ ಕೊಡುವ ಕಾಗದದ ಕವರಿನ ಮೇಲೆ ‘1-0-1’ ಎಂದು ಬರೆದಿರುತ್ತಾರೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು ಎಂದರ್ಥ. ಸಾಲಿನಲ್ಲಿ ಹಿಂದೆ ಇನ್ನೂ ಐವತ್ತು ಜನ ಇರುವಾಗ ಅದನ್ನು ಬಾಯಿಬಿಟ್ಟು ಹೇಳಲು ಔಷಧ ಕೊಡುವವರಿಗೆ ಪುರುಸೊತ್ತಿಲ್ಲ. ಮನೆಗೆ ಹೋದ ಅಜ್ಜಿ ಬಿ.ಪಿ. ಮಾತ್ರೆಯನ್ನೂ ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ಒಂದೇ ಡಬ್ಬಿಗೆ ಸುರಿದು, ಬಣ್ಣ ನೋಡಿ ನುಂಗುತ್ತಾರೆ. ಮುಂದಿನ ತಿಂಗಳು ಕಂಪೆನಿ ಬದಲಾಗಿ ಮಾತ್ರೆಯ ಬಣ್ಣ ಬದಲಾದರೆ ಗೊಂದಲ. ‘ಸೇವೆ ಹೇಗಿತ್ತು’ ಎಂದು ಕೇಳಿದರೆ ಅಜ್ಜಿ ‘ಒಳ್ಳೆದಿತ್ತು ಮಗಾ’ ಎನ್ನುತ್ತಾರೆ. ‘ಅಜ್ಜೀ, ಯಾವ ಮಾತ್ರೆ ಯಾವಾಗ ತೆಗೆದುಕೊಳ್ತೀರಿ, ಒಮ್ಮೆ ತೋರಿಸಿ’ ಎಂದರೆ ಸತ್ಯ ಗೊತ್ತಾಗುತ್ತದೆ. ಪರಿಹಾರಕ್ಕೆ ಖರ್ಚೂ ಹೆಚ್ಚಿಲ್ಲ: ಕವರಿನ ಮೇಲೆ ಸೂರ್ಯ, ಚಂದ್ರನ ಚಿತ್ರದ ಒಂದು ಮೊಹರು, ಮತ್ತು ಹಳೆಯ ಕಾಯಿಲೆಯವರಿಗೆ ಬಾಯಿಬಿಟ್ಟು ಹೇಳಲು ಒಬ್ಬರ ಎರಡು ನಿಮಿಷ.

ಇದು ಬರೀ ಸೌಜನ್ಯದ ಪ್ರಶ್ನೆ ಅಲ್ಲ. 2013ರಲ್ಲಿ ಬಿಎಂಜೆ ಓಪನ್ ಪತ್ರಿಕೆಯಲ್ಲಿ ಪ್ರಕಟವಾದ ಒಂದು ವಿಮರ್ಶೆ 55 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ರೋಗಿಗಳ ಅನುಭವ ಚೆನ್ನಾಗಿರುವ ಕಡೆ ಚಿಕಿತ್ಸೆಯ ಸುರಕ್ಷತೆಯೂ ಫಲವೂ ಚೆನ್ನಾಗಿರುತ್ತವೆ ಎಂಬ ನಂಟು ಅದರಲ್ಲಿ ಎದ್ದು ಕಂಡಿತು. ಅರ್ಥವಾಗುವಂತೆ ಹೇಳಿದರೆ ಜನ ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಾರೆ, ಹೇಳಿದ ದಿನ ಮತ್ತೆ ಬರುತ್ತಾರೆ, ತೊಂದರೆ ಕಂಡಾಗ ಬೇಗ ತಿಳಿಸುತ್ತಾರೆ.

ಯಾರು ಕೇಳಬೇಕು, ಯಾವ ಭಾಷೆಯಲ್ಲಿ

ಈ ಮೂರು ಊರುಗಳಲ್ಲಿ ಆಸ್ಪತ್ರೆಯ ನಮೂನೆ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಜನ ನೋವು ಹೇಳಿಕೊಳ್ಳುವುದು ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ. ವಿಟ್ಲದ ಗಡಿಯ ಕಡೆ ಮಲಯಾಳವೂ ಇದೆ. ಶಾಲೆಯಲ್ಲಿ ಕನ್ನಡ ಓದಿದವರೂ ಕಷ್ಟ ಹೇಳುವಾಗ ಮನೆಮಾತಿಗೆ ಇಳಿಯುತ್ತಾರೆ. ಬಯಲುಸೀಮೆಯಿಂದ ವರ್ಗವಾಗಿ ಬಂದ ವೈದ್ಯರು ಕೆಲವೇ ತಿಂಗಳಲ್ಲಿ ತುಳು ಕಲಿತು ಜನರ ಪ್ರೀತಿಗೆ ಪಾತ್ರರಾದದ್ದನ್ನು ನಾವೆಲ್ಲ ಕಂಡಿದ್ದೇವೆ. ಅಭಿಪ್ರಾಯ ಸಂಗ್ರಹಕ್ಕೂ ಅದೇ ಕಾಳಜಿ ಬೇಕು. ಹಾಳೆ ಕನ್ನಡದಲ್ಲಿರಲಿ, ಪ್ರಶ್ನೆ ಮನೆಮಾತಿನಲ್ಲಿ ಕೇಳಲಿ.

ಕ್ಯೂಆರ್ ಕೋಡ್ ಅಂಟಿಸಿದರೆ ಓದಿದ ಯುವಕರ ಮಾತು ಬರುತ್ತದೆ. ಬೀಡಿ ಕಟ್ಟುವ ಹೆಂಗಸಿನ ಮಾತು ಬರುವುದಿಲ್ಲ. ಈ ಮೂರೂ ಕಡೆ ಬೀಡಿ ಕಟ್ಟಿ ಮನೆ ನಡೆಸುವ ಕುಟುಂಬಗಳು ಸಾವಿರಾರು. ಅವರಿಗೆ ಆಸ್ಪತ್ರೆಗೆ ಹೋದ ದಿನ ಬೀಡಿ ಇಲ್ಲ, ಆ ದಿನದ ಮಜೂರಿ ಇಲ್ಲ. ಒಂದೇ ಭೇಟಿಯಲ್ಲಿ ರಕ್ತಪರೀಕ್ಷೆಯೂ ಅದರ ವರದಿಯೂ ವೈದ್ಯರ ಸಲಹೆಯೂ ಮುಗಿದರೆ ಅವರ ಪಾಲಿಗೆ ಅದೇ ದೊಡ್ಡ ಸುಧಾರಣೆ. ಆಸ್ಪತ್ರೆಯ ಒಳಗೆ ಕೂತು ಯೋಚಿಸಿದರೆ ಇದು ಹೊಳೆಯುವುದಿಲ್ಲ. ಕುದುರೆಮುಖ ತಪ್ಪಲಿನ ಮಲೆಕುಡಿಯರ ಮನೆಗಳಿಗೂ ಕೊರಗರ ಹಾಡಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಆಸ್ಪತ್ರೆಗೆ ಬಂದವರನ್ನು ಮಾತ್ರ ಕೇಳಿದರೆ, ಬರಲಾಗದೆ ಉಳಿದವರ ಕಾರಣ ಗೊತ್ತಾಗುವುದೇ ಇಲ್ಲ.

ಕೇಳಲು ಜನ ಇದ್ದಾರೆ. ಆಶಾ ಕಾರ್ಯಕರ್ತೆಯರಿಗೆ ಪ್ರತಿ ಮನೆಯೂ ಪರಿಚಿತ. ಆದರೆ ಅವರ ಮೇಲೆ ಈಗಾಗಲೇ ಕೆಲಸದ ಹೊರೆ ಇದೆ. ತಮ್ಮದೇ ಕೇಂದ್ರದ ಕುಂದನ್ನು ಬರೆದುಕೊಡುವುದು ಅವರಿಗೂ ಇಕ್ಕಟ್ಟು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಹುಟ್ಟಿದ್ದು ಬೆಳ್ತಂಗಡಿಯಲ್ಲೇ. 2004ರಿಂದ ಅದರ ‘ಸಂಪೂರ್ಣ ಸುರಕ್ಷಾ’ ಆರೋಗ್ಯ ವಿಮೆಯೂ ಇದೆ. ವಾರ ವಾರ ಸೇರುವ ಸ್ವಸಹಾಯ ಸಂಘಗಳ ಜಗಲಿಯಲ್ಲಿ ಆಸ್ಪತ್ರೆಯ ಬಿಲ್ಲಿನ ಮಾತು ಹೇಗೂ ಬರುತ್ತದೆ. ತಿಂಗಳಲ್ಲಿ ಒಂದು ಸಭೆಯ ಹದಿನೈದು ನಿಮಿಷವನ್ನು ಇದಕ್ಕೆ ಮೀಸಲಿಟ್ಟರೆ ಸಾಕು. ಮೂಡುಬಿದಿರೆ, ಉಜಿರೆಯಂಥ ವಿದ್ಯಾಕೇಂದ್ರಗಳ ವಿದ್ಯಾರ್ಥಿಗಳು ಮನೆಗೆ ಹೋಗಿ, ಹೆಸರು ಬರೆದುಕೊಳ್ಳದೆ, ತುಳುವಿನಲ್ಲೋ ಬ್ಯಾರಿಯಲ್ಲೋ ಮಾತಾಡಿಸಿ ಬರಬಹುದು. ಅವರಿಗೆ ಅದು ಪಾಠ, ಆಸ್ಪತ್ರೆಗೆ ಅದು ಕನ್ನಡಿ.

ಕೇಳದೆ ಹೋದಾಗ

ರೋಗಿಗಳ ಮಾತಿಗೆ ಕಿವಿಗೊಡದಿದ್ದರೆ ಎಂಥ ಅನಾಹುತ ಆಗಬಹುದು ಎಂಬುದನ್ನು ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆ ತೋರಿಸಿತು. ಅಲ್ಲಿ ತಾಯಿಯನ್ನು ಕಳೆದುಕೊಂಡ ಜೂಲಿ ಬೇಲಿ ಎಂಬ ಮಹಿಳೆ 2007ರಲ್ಲಿ ಇತರ ಕುಟುಂಬಗಳನ್ನು ಸೇರಿಸಿ ಹೋರಾಟ ಶುರುಮಾಡಿದರು. ಕುಡಿಯುವ ನೀರು ಕೈಗೆಟುಕದಂತೆ ಇಟ್ಟಿರುತ್ತಿದ್ದರು, ಕರೆದರೂ ಯಾರೂ ಬರುತ್ತಿರಲಿಲ್ಲ, ಮಲಗಿದಲ್ಲೇ ಹೊಲಸಾದ ಹಾಸಿಗೆಯನ್ನು ಬದಲಿಸುತ್ತಿರಲಿಲ್ಲ ಎಂದು ಮನೆಯವರು ಹೇಳುತ್ತ ಬಂದಿದ್ದರು. ಆಡಳಿತದ ಗಮನ ಲೆಕ್ಕಪತ್ರದ ಗುರಿಗಳ ಮೇಲಿತ್ತು. ರಾಬರ್ಟ್ ಫ್ರಾನ್ಸಿಸ್ ನೇತೃತ್ವದ ಸಾರ್ವಜನಿಕ ವಿಚಾರಣೆ 2013ರ ಫೆಬ್ರುವರಿಯಲ್ಲಿ 290 ಶಿಫಾರಸುಗಳ ವರದಿ ಕೊಟ್ಟಿತು. ರೋಗಿಗಳ ಮತ್ತು ಕುಟುಂಬಗಳ ದೂರಿಗೆ ಕಿವಿಗೊಡದ ಆಡಳಿತವನ್ನು ಅದು ಕಟುವಾಗಿ ಟೀಕಿಸಿತು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಗೇರು ತೋಟಗಳಿಗೆ ಎಂಡೋಸಲ್ಫಾನ್ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಗುತ್ತಿತ್ತು. ಗಡಿಯಾಚೆ ಕಾಸರಗೋಡಿನಲ್ಲೂ ಅದೇ ಕಥೆ. ಅಲ್ಲಿ ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ಬಳಿ ಬರುವ ರೋಗಿಗಳು ಹೇಳುವುದನ್ನು ಗಮನವಿಟ್ಟು ಕೇಳಿದರು. ಒಂದೇ ಪ್ರದೇಶದ ಮನೆ ಮನೆಯಲ್ಲಿ ಬುದ್ಧಿಮಾಂದ್ಯ ಮಕ್ಕಳು, ಕ್ಯಾನ್ಸರ್, ನರದ ಕಾಯಿಲೆ. ಇದು ಕಾಕತಾಳೀಯ ಆಗಿರಲಾರದು ಎಂದು ಅವರಿಗೆ ಅನ್ನಿಸಿತು. ಪತ್ರಕರ್ತ ಶ್ರೀ ಪಡ್ರೆ ಅದನ್ನು ಲೋಕಕ್ಕೆ ತಿಳಿಸಿದರು. 2001ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಅಲ್ಲಿನ ಜನರ ರಕ್ತದಲ್ಲೂ ನೀರಿನಲ್ಲೂ ಎಂಡೋಸಲ್ಫಾನ್ ಅಂಶವನ್ನು ಗುರುತಿಸಿತು. ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ಅದರ ಉತ್ಪಾದನೆ ಮತ್ತು ಮಾರಾಟಕ್ಕೆ ತಡೆ ಹಾಕಿತು. ಕೊಕ್ಕಡದಲ್ಲಿ ಸಂತ್ರಸ್ತರ ಹಗಲು ಪಾಲನಾ ಕೇಂದ್ರ ಬಂದದ್ದು, ಮಾಸಾಶನ ಸಿಕ್ಕಿದ್ದು ಸಂತ್ರಸ್ತರೂ ಅವರ ತಾಯಂದಿರೂ ಬೀದಿಗೆ ಬಂದು ಹೋರಾಡಿದ ಮೇಲೆ.

ರೋಗಿಯ ಅಭಿಪ್ರಾಯ ಎಂದರೆ ಬೆಡ್‌ಶೀಟು ಕೊಳೆಯಾಗಿದೆ ಎಂಬ ದೂರು ಮಾತ್ರವಲ್ಲ. ‘ನಮ್ಮ ಊರಲ್ಲಿ ಏನೋ ಆಗುತ್ತಿದೆ ಡಾಕ್ಟ್ರೇ’ ಎಂಬ ಮಾತೂ ಅದೇ. ಪ್ರಯೋಗಾಲಯ ಕಂಡುಹಿಡಿಯುವ ಎಷ್ಟೋ ಮೊದಲು ಅದು ತಾಯಂದಿರಿಗೆ ಗೊತ್ತಿರುತ್ತದೆ. ಆ ಮಾತು ಹೇಳಲು ಹೋರಾಟವೇ ಬೇಕಾಗಬಾರದು.

ಅಂಕಪಟ್ಟಿಯ ಬಲ, ಅದರ ಮಿತಿ

ಜನರ ಮಾತನ್ನು ಅಂಕಪಟ್ಟಿಯಾಗಿ ಮಾಡಿ ಆಡಳಿತದ ಮುಂದಿಡುವ ಪ್ರಯೋಗಕ್ಕೆ ನಮ್ಮ ರಾಜ್ಯವೇ ಜಗತ್ತಿಗೆ ಮಾದರಿಯಾಯಿತು. ಸ್ಯಾಮ್ಯುಯೆಲ್ ಪಾಲ್ ಅವರು ಬೆಂಗಳೂರಿನಲ್ಲಿ ಕಟ್ಟಿದ ಪಬ್ಲಿಕ್ ಅಫೇರ್ಸ್ ಸೆಂಟರ್ ನಗರದ ಸಾರ್ವಜನಿಕ ಸೇವೆಗಳ ಬಗ್ಗೆ ನಾಗರಿಕರನ್ನೇ ಕೇಳಿ 1994, 1999 ಮತ್ತು 2003ರಲ್ಲಿ ವರದಿ ಕಾರ್ಡ್ ಪ್ರಕಟಿಸಿತು. ಮೊದಲ ಕಾರ್ಡಿನಲ್ಲಿ ತೀರ ಕಡಿಮೆ ಅಂಕ ಪಡೆದ ಸಂಸ್ಥೆಗಳು ಮೂರನೆಯದರ ಹೊತ್ತಿಗೆ ಎದ್ದು ಕಾಣುವಂತೆ ಸುಧಾರಿಸಿದ್ದವು. ಪಾಲಿಕೆಯ ಹೆರಿಗೆ ಆಸ್ಪತ್ರೆಗಳಲ್ಲಿ ಬಡ ಕುಟುಂಬಗಳು ಹುಟ್ಟಿದ ಮಗುವಿನ ಮುಖ ನೋಡಲು ಕೂಡ ದುಡ್ಡು ಕೊಡಬೇಕಾಗಿದ್ದ ಸ್ಥಿತಿ ಬಯಲಿಗೆ ಬಂದದ್ದೂ ಇಂಥ ಸಮೀಕ್ಷೆಯಿಂದ. ತಪಾಸಣೆಗೆ ಹೋದ ಅಧಿಕಾರಿಗೆ ಅದು ಕಾಣುವುದಿಲ್ಲ. ತಾಯಿಯನ್ನು ಕೇಳಿದರೆ ಮಾತ್ರ ಹೊರಬರುತ್ತದೆ.

ಉಗಾಂಡಾದಲ್ಲಿ 50 ಹಳ್ಳಿ ಔಷಧಾಲಯಗಳ ಸುತ್ತ ನಡೆದ ಪ್ರಯೋಗವೂ ಪ್ರಸಿದ್ಧ. ಜನರ ಅನುಭವದ ವರದಿ ಕಾರ್ಡನ್ನು ಊರವರ ಮತ್ತು ಸಿಬ್ಬಂದಿಯ ಮುಂದಿಟ್ಟು, ಇಬ್ಬರನ್ನೂ ಒಟ್ಟಿಗೆ ಕೂರಿಸಿ ಏನೇನು ಸರಿಪಡಿಸಬೇಕು ಎಂದು ಬರೆಸಲಾಯಿತು. ವರ್ಷದೊಳಗೆ 5 ವರ್ಷದ ಒಳಗಿನ ಮಕ್ಕಳ ಸಾವು ಮೂರನೇ ಒಂದರಷ್ಟು ತಗ್ಗಿತು ಎಂದು 2009ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಆದರೆ ಬಳಿಕ ಅದೇ ದೇಶದಲ್ಲಿ 376 ಕೇಂದ್ರಗಳಲ್ಲಿ ಇದನ್ನೇ ದೊಡ್ಡದಾಗಿ ಮಾಡಿದಾಗ ಚಿಕಿತ್ಸೆಯ ಗುಣಮಟ್ಟ ಸ್ವಲ್ಪ ಉತ್ತಮವಾಯಿತೇ ಹೊರತು ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಎರಡನ್ನೂ ಒಟ್ಟಿಗೆ ನೋಡಬೇಕು. ಜನರ ಮಾತು ಸಿಬ್ಬಂದಿಯ ನಡವಳಿಕೆಯನ್ನು ತಿದ್ದಬಲ್ಲದು. ಇಲ್ಲದ ವೈದ್ಯರನ್ನು, ಬಾರದ ಔಷಧವನ್ನು ತಂದುಕೊಡುವುದು ಸರಕಾರದ ಕೆಲಸ.

ನಮ್ಮಲ್ಲಿ 2013ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಗುಣಮಟ್ಟ ಮಾನದಂಡಗಳು ಸರಕಾರಿ ಆಸ್ಪತ್ರೆಗಳಲ್ಲಿ ರೋಗಿಗಳ ತೃಪ್ತಿ ಸಮೀಕ್ಷೆಯನ್ನು ಕಡ್ಡಾಯ ಮಾಡಿವೆ. ಹೆರಿಗೆ ಕೋಣೆಗಳ ಸುಧಾರಣೆಗೆ 2017ರ ಡಿಸೆಂಬರಿನಲ್ಲಿ ಬಂದ ‘ಲಕ್ಷ್ಯ’ ಕಾರ್ಯಕ್ರಮದಲ್ಲಿ ಪ್ರೋತ್ಸಾಹಧನ ಸಿಗಬೇಕಾದರೆ ಫಲಾನುಭವಿಗಳಲ್ಲಿ ಶೇ. 80ರಷ್ಟು ಮಂದಿ ತೃಪ್ತರಾಗಿರಬೇಕು. ಉದ್ದೇಶ ಒಳ್ಳೆಯದೇ. ಆದರೆ ಅಂಕಕ್ಕೆ ಹಣ ಕಟ್ಟಿದಾಗ ಹಾಳೆಯಲ್ಲಿ ಬರೀ ‘ಉತ್ತಮ’ವೇ ತುಂಬುವ ಅಪಾಯ ಇದೆ. ಆದ್ದರಿಂದ ಹಾಳೆ ತುಂಬಿಸುವ ಕೈ ಆಸ್ಪತ್ರೆಯದ್ದು ಆಗಿರಬಾರದು. ನೂರಕ್ಕೆ ಇಷ್ಟು ಎಂಬ ಲೆಕ್ಕಕ್ಕಿಂತ ‘ಈ ತಿಂಗಳು ಬಂದ ಮೂರು ದೊಡ್ಡ ದೂರುಗಳು ಇವು, ಇವುಗಳಲ್ಲಿ ಎರಡು ಸರಿಪಡಿಸಿದ್ದೇವೆ’ ಎಂಬ ಎರಡು ಸಾಲು ಹೆಚ್ಚು ಬೆಲೆಬಾಳುತ್ತದೆ.

ದೂರಿಗೆ ಇರುವ ಬಾಗಿಲುಗಳು

ಎಲ್ಲವನ್ನೂ ಅಭಿಪ್ರಾಯದ ಹಾಳೆಯಲ್ಲಿ ಮುಗಿಸಲಾಗದು. ಹಕ್ಕಿಗೆ ಚ್ಯುತಿ ಬಂದಾಗ ಎಲ್ಲಿಗೆ ಹೋಗಬೇಕು ಎಂದು ಜನರಿಗೆ ಗೊತ್ತಿರಬೇಕು. ಸರಕಾರಿ ಆಸ್ಪತ್ರೆಯ ಸೇವೆಯ ಬಗ್ಗೆ 104 ಆರೋಗ್ಯವಾಣಿಗೆ ಕರೆ ಮಾಡಬಹುದು. ತಾಲೂಕು ಆಸ್ಪತ್ರೆಗೆ ಶಾಸಕರ ಅಧ್ಯಕ್ಷತೆಯ ಆರೋಗ್ಯ ರಕ್ಷಾ ಸಮಿತಿ ಇದೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದ ಮೇಲೆ ಬಂದ ಈ ಸಮಿತಿಗಳಲ್ಲಿ ಊರಿನ ಪ್ರತಿನಿಧಿಗಳೂ ಇರುತ್ತಾರೆ. ಗ್ರಾಮ ಮಟ್ಟದಲ್ಲಿ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆಯ ಸಮಿತಿ ಇದೆ.

ಖಾಸಗಿ ಆಸ್ಪತ್ರೆಗಳಿಗೆ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದ್ದು. 2017ರ ತಿದ್ದುಪಡಿಯಿಂದ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ರೋಗಿಗಳ ಕುಂದುಕೊರತೆ ಆಲಿಸಬೇಕಾಗಿದೆ. ದರಪಟ್ಟಿ ಹಾಕಬೇಕು; ತುರ್ತು ಸ್ಥಿತಿಯಲ್ಲಿ ಮುಂಗಡಕ್ಕೆ ಪಟ್ಟು ಹಿಡಿದು ಚಿಕಿತ್ಸೆ ನಿಲ್ಲಿಸುವಂತಿಲ್ಲ; ಬಿಲ್ಲು ಬಾಕಿ ಎಂದು ಮೃತದೇಹ ತಡೆಹಿಡಿಯುವಂತಿಲ್ಲ. ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ತನ್ನ ಮಾತು ಹೇಳುವ ಮತ್ತು ಪರಿಹಾರ ಕೇಳುವ ಹಕ್ಕೂ ಸೇರಿದೆ.

ಈ ಬಾಗಿಲುಗಳು ತೆರೆದಿದ್ದರೆ ವೈದ್ಯರಿಗೂ ಒಳಿತು. ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಗೆ ರಾಜ್ಯದಲ್ಲಿ 2009ರಿಂದ ಕಾನೂನು ಇದೆ. ಆದರೂ ಹೇಳಿಕೊಳ್ಳಲು ದಾರಿ ಇಲ್ಲದ ಸಂಕಟ ಕೆಲವೊಮ್ಮೆ ಸಿಟ್ಟಾಗಿ ಸಿಡಿಯುತ್ತದೆ. ಅದರ ಪೆಟ್ಟು ಬೀಳುವುದು ರಾತ್ರಿ ಪಾಳಿಯ ಸಿಸ್ಟರಿಗೆ, ಎಳೆಯ ವೈದ್ಯರಿಗೆ. ಅಭಿಪ್ರಾಯ ಎಂದರೆ ಬೈಗುಳವಷ್ಟೇ ಅಲ್ಲ ಎಂಬುದನ್ನೂ ನೆನಪಿಡಬೇಕು. ‘ಆ ಸಿಸ್ಟರ್ ರಾತ್ರಿ ಎರಡು ಸಲ ಬಂದು ನೋಡಿದರು’ ಎಂಬ ಮಾತು ಅವರ ಕಿವಿಗೂ ಬೀಳಬೇಕು, ಅವರ ಮೇಲಧಿಕಾರಿಯ ಕಡತಕ್ಕೂ ಸೇರಬೇಕು.

ಸಭೆಯ ಮೊದಲ ವಿಷಯ

ಇಷ್ಟಕ್ಕೂ ದೊಡ್ಡ ಯೋಜನೆ ಬೇಕಾಗಿಲ್ಲ. ಪ್ರತಿ ತಿಂಗಳೂ ಬಿಡುಗಡೆಯಾದವರಲ್ಲಿ ಕೆಲವರನ್ನು ಚೀಟಿ ಎತ್ತಿ ಆರಿಸಿ, ವಾರದ ಬಳಿಕ ಅವರ ಮನೆಗೆ ಹೊರಗಿನವರೊಬ್ಬರನ್ನು ಕಳುಹಿಸಬೇಕು. ಪ್ರಶ್ನೆ ಹತ್ತು ಸಾಕು: ಎಷ್ಟು ಹೊತ್ತು ಕಾದಿರಿ? ಕಾಯಿಲೆ ಏನೆಂದು ಹೇಳಿದರೇ? ಮಾತ್ರೆ ಹೇಗೆ ತೆಗೆದುಕೊಳ್ಳಬೇಕೆಂದು ತಿಳಿಯಿತೇ? ಹೊರಗಿಂದ ಔಷಧ ತರಿಸಿದರೇ, ಎಷ್ಟಾಯಿತು? ಯಾರಾದರೂ ದುಡ್ಡು ಕೇಳಿದರೇ? ಪರೀಕ್ಷೆ ಮಾಡುವಾಗ ಪರದೆ ಇತ್ತೇ? ಶೌಚಾಲಯ ಬಳಸುವಂತಿತ್ತೇ? ರೆಫರಲ್‌ಗೆ ಎಷ್ಟು ಸಲ ಬಂದಿರಿ? ಮತ್ತೆ ಯಾವಾಗ ಬರಬೇಕೆಂದು ಗೊತ್ತಿದೆಯೇ? ನೀವು ಒಂದೇ ಒಂದು ವಿಷಯ ಬದಲಿಸಬಹುದಾದರೆ ಯಾವುದು? ಮಳೆಗಾಲದ ಜ್ವರದ ತಿಂಗಳುಗಳಲ್ಲೂ, ವಾರ್ಡು ತುಂಬಿ ತುಳುಕುವಾಗಲೂ ಈ ಕೆಲಸ ನಿಲ್ಲಬಾರದು. ನಿಜವಾದ ಪರೀಕ್ಷೆ ಆಗಲೇ.

ಬಂದ ಉತ್ತರಗಳು ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಮೊದಲ ವಿಷಯವಾಗಿ ಚರ್ಚೆಗೆ ಬರಬೇಕು. ಪ್ರತಿಯೊಂದರ ಎದುರೂ ಯಾರು, ಯಾವ ದಿನಾಂಕದೊಳಗೆ ಸರಿಪಡಿಸಬೇಕು ಎಂದು ಬರೆಯಬೇಕು. ಆಸ್ಪತ್ರೆಯ ಕೈಯಲ್ಲಿ ಆಗದ್ದರ ಬಗ್ಗೆ, ಅದು ಖಾಲಿ ಹುದ್ದೆಯೋ ಔಷಧ ಕೊರತೆಯೋ, ಜಿಲ್ಲೆಗೂ ರಾಜ್ಯಕ್ಕೂ ಬರೆದ ಪತ್ರದ ಪ್ರತಿಯನ್ನು ಜನರಿಗೆ ತೋರಿಸಬೇಕು. ಕೊನೆಗೆ ಹೊರರೋಗಿ ವಿಭಾಗದ ಗೋಡೆಯಲ್ಲಿ, ಔಷಧದ ಕಿಟಕಿಯ ಪಕ್ಕ, ಎರಡು ಸಾಲಿನ ಒಂದು ಬೋರ್ಡು: ನೀವು ಹೇಳಿದ್ದು ಇದು, ನಾವು ಮಾಡಿದ್ದು ಇದು. ಮಾಡಲಾಗದಿದ್ದರೆ ಯಾಕೆ ಆಗಲಿಲ್ಲ ಎಂಬುದೂ ಅಲ್ಲೇ ಇರಲಿ. ಗ್ರಾಮಸಭೆಯಲ್ಲೂ ಅದನ್ನು ಓದಿ ಹೇಳಲಿ.

ಜನರ ಪಾಲಿನ ಕೆಲಸವೂ ಇದೆ. ‘ಮಾತ ಎಡ್ಡೆ’ ಎಂದು ಮುಗಿಸದೆ ನಡೆದದ್ದನ್ನು ನಡೆದಂತೆ, ಒಳ್ಳೆಯದನ್ನೂ ಸೇರಿಸಿ ಹೇಳುವುದು. ನಮ್ಮ ಬಳಿಕ ಅದೇ ಮಂಚಕ್ಕೆ ಬರುವವರು ನೆರೆಮನೆಯವರೇ ಆಗಿರುತ್ತಾರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಯಾವುದಾದರೂ ಒಂದು ಸರಕಾರಿ ಆಸ್ಪತ್ರೆ ಒಂದು ವರ್ಷ ಈ ಕ್ರಮವನ್ನು ಬಿಡದೆ ಪಾಲಿಸಲಿ. ಮುಂದಿನ ಆರೋಗ್ಯ ರಕ್ಷಾ ಸಮಿತಿ ಸಭೆಯಲ್ಲಿ ಇದನ್ನು ಎತ್ತಲು ಸದಸ್ಯರೊಬ್ಬರು ಮನಸ್ಸು ಮಾಡಿದರೆ ಕೆಲಸ ಅಲ್ಲಿಂದಲೇ ಶುರುವಾಗುತ್ತದೆ.